ಕಾರಣ ಸಿಗದ ಜ್ವರ, ಕೀವು ತುಂಬಿದ ಗಡ್ಡೆ: ಪಯೋಮಯೋಮಾ ಓದುವವರಿಗೆ ಟಿಪ್ಪಣಿ

ಸ್ತ್ರೀರೋಗಶಾಸ್ತ್ರದ ಪುಸ್ತಕದಲ್ಲಿ ಗರ್ಭಕೋಶದ ಫೈಬ್ರಾಯ್ಡ್‌ಗೆ (ಸ್ನಾಯುವಿನಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಹತ್ತಾರು ಪುಟ. ಅದರೊಳಗೆ ಕೀವಾಗುವ ಸಂಗತಿಗೆ ಎರಡೇ ಸಾಲು. ಅಪರೂಪದ ಕಾಯಿಲೆ, ನಿಜ. ಆದರೆ ಕಣ್ಣು ತಪ್ಪಿದರೆ ಜೀವಕ್ಕೇ ಎರವಾಗುತ್ತದೆ. ಹತ್ತನೆಯ ತರಗತಿಯವರೆಗೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪುಸ್ತಕಗಳ ಜೊತೆ ಗುದ್ದಾಡಿದವಳು ನಾನು. ನನ್ನಂತೆಯೇ ಓದುತ್ತಿರುವ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಆ ಎರಡು ಸಾಲನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ. ಸೋಂಕು ತಗಲಿದ ಫೈಬ್ರಾಯ್ಡ್ ಎಂಬ ಹೆಸರಿನಡಿ ಎರಡು ಬೇರೆ ಚಿತ್ರಗಳಿವೆ. ಒಂದು, ಗರ್ಭಕೋಶದ ಒಳಗೋಡೆಯಿಂದ ತೊಟ್ಟು ಬಿಟ್ಟು ಬೆಳೆದು, ಗರ್ಭಕಂಠ ದಾಟಿ ಯೋನಿಗೆ ಇಳಿದ ಗಡ್ಡೆ. ಅದರ ತುದಿ ಹುಣ್ಣಾಗಿ, ದುರ್ವಾಸನೆಯ ಸ್ರಾವವೂ ರಕ್ತಸ್ರಾವವೂ ಇರುತ್ತವೆ. ಸ್ಪೆಕ್ಯುಲಂ (ಯೋನಿ ಅಗಲಿಸಿ ನೋಡುವ ಉಪಕರಣ) ಹಾಕಿದರೆ ಕಣ್ಣಿಗೇ ಕಾಣುತ್ತದೆ. ಗರ್ಭಕಂಠದ ಕ್ಯಾನ್ಸರ್ ಕೂಡ ಹಾಗೆಯೇ ಕಾಣಬಹುದಾದ್ದರಿಂದ ಬಯಾಪ್ಸಿ ಬಿಡುವಂತಿಲ್ಲ. ಆಂಟಿಬಯಾಟಿಕ್ ಕೊಟ್ಟು, ರಕ್ತಹೀನತೆ ಸರಿಪಡಿಸಿ, ಯೋನಿಯ ಮೂಲಕವೇ ತೊಟ್ಟು ಕಟ್ಟಿ ಗಡ್ಡೆ ತೆಗೆಯುತ್ತಾರೆ. ಇಷ್ಟಕ್ಕೆ ಅದು ಮುಗಿಯಿತು.

ಎರಡನೆಯದು ಪಯೋಮಯೋಮಾ. ಗರ್ಭಕೋಶದ ಗೋಡೆಯಲ್ಲೋ ಹೊರಮೈಯಲ್ಲೋ ಇರುವ ಗಡ್ಡೆ ಒಳಗೊಳಗೇ ಕೀವಿನ ಚೀಲವಾಗುವುದು. ಮಲಯಾಳದಲ್ಲಿ ಕೀವಿಗೆ ‘ಪಳುಪ್ಪ್’ ಎನ್ನುತ್ತಾರೆ. ಹಣ್ಣಾಗುವುದು ಎಂಬ ಅರ್ಥವೂ ಅದಕ್ಕಿದೆ. ನಾವು ಕುರು ಹಣ್ಣಾಯಿತು ಎನ್ನುವುದಿಲ್ಲವೇ, ಹಾಗೆ. ಆದರೆ ಈ ಕುರು ಹಣ್ಣಾದದ್ದು ಹೊರಗೆ ಕಾಣುವುದಿಲ್ಲ.

ಫೈಬ್ರಾಯ್ಡ್‌ಗೆ ರಕ್ತ ಬರುವುದು ಅದರ ಸುತ್ತಲಿನ ರಕ್ತನಾಳಗಳ ಬಲೆಯಿಂದ; ನಡುಭಾಗಕ್ಕೆ ಯಾವಾಗಲೂ ಬಡತನ. ಬಸಿರಿನಲ್ಲಿ ಗಡ್ಡೆ ಬೇಗ ಬೆಳೆದರೆ, ಹೆರಿಗೆಯ ನಂತರ ಗರ್ಭಕೋಶ ಕುಗ್ಗಿದರೆ, ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತನಾಳ ಗಡುಸಾದರೆ, ಅಥವಾ ಗಡ್ಡೆಯ ರಕ್ತನಾಳವನ್ನೇ ಮುಚ್ಚುವ ಎಂಬೊಲೈಸೇಶನ್ ಚಿಕಿತ್ಸೆ ಮಾಡಿದ್ದರೆ, ನಡುಭಾಗ ಸಾಯುತ್ತದೆ. ಸತ್ತ ಮಾಂಸಕ್ಕೆ ಬ್ಯಾಕ್ಟೀರಿಯಾ ಗರ್ಭಕೋಶದ ಒಳಗಿನಿಂದ, ಪಕ್ಕದ ಕರುಳಿನಿಂದ ಇಲ್ಲವೇ ರಕ್ತದ ಮೂಲಕ ಬಂದು ಸೇರುತ್ತದೆ. ಗರ್ಭಪಾತ, ಸಿಸೇರಿಯನ್, ಗರ್ಭಕೋಶದೊಳಗೆ ಉಪಕರಣ ಹಾಕಿದ್ದು, ಸಕ್ಕರೆ ಕಾಯಿಲೆ, ಕುಂದಿದ ರೋಗನಿರೋಧಕ ಶಕ್ತಿ, ಇವು ಅದಕ್ಕೆ ದಾರಿ ಮಾಡಿಕೊಡುತ್ತವೆ. ಕೀವಿನಲ್ಲಿ ಈ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೊಕಾಕಸ್, ಸ್ಟಾಫಿಲೊಕಾಕಸ್, ಎಂಟರೊಕಾಕಸ್, ಬ್ಯಾಕ್ಟಿರಾಯ್ಡಿಸ್, ಕ್ಲಾಸ್ಟ್ರಿಡಿಯಂ ಸಿಗಬಹುದು. ಒಂದಕ್ಕಿಂತ ಹೆಚ್ಚು ಒಟ್ಟಿಗೆ ಸಿಗುವುದೂ ಉಂಟು.

ಈಗ ಓದಿಗಾಗಿ ಕಟ್ಟಿದ ಒಂದು ಪ್ರಕರಣ. ಪೆರ್ಲದ ಕಡೆಯ 32 ವರ್ಷದ ಬಾಣಂತಿ. ಸಿಸೇರಿಯನ್ ಆಗಿ 18 ದಿನ. ಆರು ದಿನಗಳಿಂದ ಸಂಜೆ ಹೊತ್ತು ಚಳಿ, ಜ್ವರ, ಕಿಬ್ಬೊಟ್ಟೆ ನೋವು. ಅಜ್ಜಿಯ ಪ್ರಕಾರ ಶೀತ, ಅತ್ತೆಯ ಪ್ರಕಾರ ಹಾಲು ಕಟ್ಟಿದ ಜ್ವರ. ಮಳೆಗಾಲ ಬೇರೆ, ಡೆಂಗಿ ಪರೀಕ್ಷೆ ಮಾಡಿಸಿ, ಇಲ್ಲವೆಂದು ಬಂದಿದೆ. ಮೊಲೆ, ಹೊಲಿಗೆ, ಮೂತ್ರ ಎಲ್ಲ ಸರಿಯಿದೆ, ಸ್ರಾವಕ್ಕೆ ವಾಸನೆಯಿಲ್ಲ. ಆಂಟಿಬಯಾಟಿಕ್ ಕೊಟ್ಟಾಗ ಎರಡು ದಿನ ಜ್ವರ ಇಳಿದು ಮತ್ತೆ ಏರಿದೆ. ಬಸಿರಿನ ಸ್ಕ್ಯಾನ್ ಚೀಟಿಯ ಮೂಲೆಯಲ್ಲಿ ‘7 ಸೆಂ.ಮೀ. ಫೈಬ್ರಾಯ್ಡ್’ ಎಂದಿದೆ. ಅದನ್ನು ಯಾರೂ ಮತ್ತೆ ಓದಿಲ್ಲ.

ಪತ್ತೆಯ ಬೀಗದ ಕೈ ಇರುವುದು ಆ ಚೀಟಿಯಲ್ಲೇ. ಮೂರು ಅಂಶ ನೆನಪಿಡಿ: ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ, ರಕ್ತಕ್ಕೆ ನಂಜೇರಿದ ಲಕ್ಷಣವಿದೆ, ಜ್ವರಕ್ಕೆ ಬೇರೆ ಮೂಲ ಕಾಣುತ್ತಿಲ್ಲ. ಈ ಮೂರು ಕೂಡಿದರೆ, ಇಲ್ಲವೆಂದು ಸಾಬೀತಾಗುವವರೆಗೆ ಪಯೋಮಯೋಮಾ ಎಂದೇ ಎಣಿಸಬೇಕು.

ಮೂರನೆಯ ಅಂಶ ನಮ್ಮ ಊರಿನಲ್ಲಿ ಸುಲಭದ್ದಲ್ಲ. ಅಡಿಕೆ ತೋಟ, ಗದ್ದೆ, ಮಳೆಗಾಲ ಎಂದಮೇಲೆ ಡೆಂಗಿ, ಇಲಿ ಜ್ವರ, ಮಲೇರಿಯಾ ಮೂರನ್ನೂ ಬದಿಗಿಟ್ಟೇ ಮುಂದೆ ಹೋಗಬೇಕು. ಡೆಂಗಿಯಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಇಳಿಯುತ್ತವೆ. ಕೀವಾದಾಗ ಬಿಳಿ ಕಣ ಏರುತ್ತದೆ. ಆದರೆ ಹೆರಿಗೆಯ ಆಸುಪಾಸಿನಲ್ಲಿ ಅದು ತಾನಾಗಿಯೇ 20,000 ದಾಟಬಲ್ಲದು, ಆದ್ದರಿಂದ ಒಂದು ಎಣಿಕೆಗಿಂತ ದಿನದಿಂದ ದಿನಕ್ಕೆ ಅದು ಏರುತ್ತಿದೆಯೇ ಎಂಬುದು ಮುಖ್ಯ. ರೋಗಿಯ ಮಾತು ಕೇಳುವಾಗಲೂ ಎಚ್ಚರ ಬೇಕು: ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ಮಳೆಯಲ್ಲಿ ನೆನೆದೆ ಎಂದ ಒಬ್ಬ ತುಳು ಅಜ್ಜಿಯ ಕೇಸ್ ಶೀಟಿನಲ್ಲಿ ನಾನು ಜ್ವರ ಬರೆದಿಟ್ಟು ನಗೆಪಾಟಲಾದದ್ದಿದೆ.

ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ನಡುವೆ ದ್ರವ, ಅದರಲ್ಲಿ ತೇಲುವ ಕಸ, ಗಾಳಿಯಿದ್ದರೆ ಹೊಳೆಯುವ ಚುಕ್ಕೆಗಳು. ತೊಂದರೆಯೇನೆಂದರೆ ಸೋಂಕಿಲ್ಲದೆ ಕ್ಷೀಣಿಸುತ್ತಿರುವ ಗಡ್ಡೆಯೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಬಸಿರಿನಲ್ಲಿ ಬರುವ ರೆಡ್ ಡಿಜೆನರೇಶನ್‌ನಲ್ಲೂ (ರಕ್ತ ಸಾಲದೆ ಗಡ್ಡೆ ಕೆಂಪಾಗಿ ಕ್ಷೀಣಿಸುವುದು) ನೋವು, ಸಣ್ಣ ಜ್ವರ, ಬಿಳಿ ಕಣದ ಏರಿಕೆ ಇರುತ್ತವೆ. ಅದು ವಿಶ್ರಾಂತಿ, ನೋವಿನ ಔಷಧಗಳಲ್ಲಿ ಕೆಲವು ದಿನಗಳಿಗೆ ತಣ್ಣಗಾಗುತ್ತದೆ. ವರದಿಯಲ್ಲಿ ‘ಕ್ಷೀಣಿಸುತ್ತಿರುವ ಫೈಬ್ರಾಯ್ಡ್’ ಎಂಬ ಮಾತು ಕಂಡದ್ದೇ ನಿಟ್ಟುಸಿರು ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಜ್ವರ ಇಳಿಯದಿದ್ದರೆ ಸಿಟಿ ಇಲ್ಲವೇ ಎಂಆರ್‌ಐ ಮಾಡಿಸಬೇಕು. ಗಡ್ಡೆಯೊಳಗಿನ ಗಾಳಿ ಸಿಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಎಂಬೊಲೈಸೇಶನ್ ಆದವರಲ್ಲಿ ಮಾತ್ರ ಸೋಂಕಿಲ್ಲದೆಯೂ ಕೆಲವು ವಾರ ಗಾಳಿ ಇರಬಹುದು. ಅಂಡಾಶಯ ಮತ್ತು ನಳಿಕೆಯ ಕೀವುಗಡ್ಡೆ, ತಿರುಚಿಕೊಂಡ ಅಂಡಾಶಯದ ಚೀಲ, ಗರ್ಭಕೋಶದೊಳಗೆ ಕೀವು ನಿಲ್ಲುವುದು, ಸಾರ್ಕೋಮಾ (ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್), ಇವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಚಿಕಿತ್ಸೆಗೆ ಬಂದರೆ, ನನಗೆ ವಿಷಯ ಹೊಳೆದದ್ದು ಮನೆಯ ತೋಟದಲ್ಲಿ. ಹನಿ ನೀರಾವರಿಯ ಪೈಪು ಕಟ್ಟಿಕೊಂಡ ಮೇಲೆ ಟ್ಯಾಂಕಿಗೆ ಎಷ್ಟು ಗೊಬ್ಬರ ಕಲಸಿದರೂ ಆ ಅಡಿಕೆ ಗಿಡದ ಬುಡಕ್ಕೆ ತಲುಪುವುದಿಲ್ಲ. ರಕ್ತವೇ ಹೋಗದ ಗಡ್ಡೆಯ ನಡುಭಾಗಕ್ಕೆ ರಕ್ತದಲ್ಲಿರುವ ಆಂಟಿಬಯಾಟಿಕ್ ಹೋಗುವುದೆಂತು? ನಮ್ಮ ಬಾಣಂತಿಯ ಜ್ವರ ಎರಡು ದಿನ ಇಳಿದು ಮತ್ತೆ ಏರಿದ್ದು ಇದಕ್ಕೇ. ಔಷಧ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವನ್ನು ಕೊಂದಿತು, ಗಡ್ಡೆಯೊಳಗಿನದು ಹಾಗೇ ಉಳಿಯಿತು.

ಹಾಗೆಂದು ಔಷಧ ತಡಮಾಡುವಂತಿಲ್ಲ. ಉಸಿರಾಟ ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆ, ಮಂಕಾದ ಪ್ರಜ್ಞೆ, ರಕ್ತದಲ್ಲಿ ಲೀಟರಿಗೆ 2 ಮಿಲಿಮೋಲ್‌ಗಿಂತ ಹೆಚ್ಚಿನ ಲ್ಯಾಕ್ಟೇಟ್ ಕಂಡರೆ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಎಂದೇ ಹಿಡಿದು, ರಕ್ತದ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾದರಿ ತೆಗೆದು, ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು. ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಮೂರನ್ನೂ ಮುಟ್ಟುವ ಔಷಧ ಬೇಕು: ಆಂಪಿಸಿಲಿನ್, ಜೆಂಟಾಮೈಸಿನ್, ಕ್ಲಿಂಡಾಮೈಸಿನ್ ಒಟ್ಟಿಗೆ, ಇಲ್ಲವೇ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್. ಮಂಗಳೂರಿಗೆ ಕಳುಹಿಸುವುದಾದರೆ ಇಷ್ಟನ್ನು ಮಾಡಿ, ಹಳೆಯ ಸ್ಕ್ಯಾನ್ ಚೀಟಿಯನ್ನೂ ಜೊತೆಗಿಟ್ಟು ಆಂಬುಲೆನ್ಸ್ ಹತ್ತಿಸಬೇಕು. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದಾರಿ, ಗಡಿಯ ತಲಪಾಡಿ ದಾಟಿದ ಮೇಲೆ ಮೊದಲ ಡೋಸ್ ಎಂದರೆ ತಡವಾಯಿತು.

ಕೊನೆಗೆ ಕೀವಿನ ಮೂಲವನ್ನೇ ತೆಗೆಯಬೇಕು. ಹೆಚ್ಚಿನವರಿಗೆ ಆಗುವುದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ. ಇನ್ನೂ ಮಕ್ಕಳು ಬೇಕೆನ್ನುವ, ಸ್ಥಿತಿ ಸ್ಥಿರವಾಗಿರುವ ಹೆಣ್ಣಿಗೆ ಗಡ್ಡೆಯಷ್ಟನ್ನೇ ತೆಗೆದು ಗುಣವಾದ ವರದಿಗಳಿವೆ. ಸೋಂಕಿದ ಗೋಡೆ ಮೆದುವಾಗಿ ಹೊಲಿಗೆ ನಿಲ್ಲದಿರಬಹುದು, ಒಳಗೆ ಹೋದ ಮೇಲೆ ಯೋಜನೆ ಬದಲಾಗಬಹುದು. ಇದನ್ನು ಥಿಯೇಟರಿಗೆ ಹೋಗುವ ಮೊದಲೇ ಅವಳಿಗೆ, ಅವಳ ಭಾಷೆಯಲ್ಲಿ, ಹೇಳಿರಬೇಕು. ಗಂಡ, ಅತ್ತೆ ಕೇಳಿಸಿಕೊಳ್ಳಲಿ, ಒಪ್ಪಿಗೆ ಮಾತ್ರ ಅವಳದು. ಸೂಜಿ ಹಾಕಿ ಕೀವು ಬಸಿಯುವುದು ಆಯ್ದ ಕೆಲವರಿಗಷ್ಟೇ. ಗಡ್ಡೆ ಒಡೆದು ಕೀವು ಹೊಟ್ಟೆಗೆ ಚೆಲ್ಲಿದ್ದರೆ ಇಂಥ ಆಯ್ಕೆಗೆ ಸಮಯವೇ ಇರುವುದಿಲ್ಲ.

ನರ್ಸಿಂಗ್ ಓದುವವರಿಗೆ ಒಂದು ಮಾತು ಉಳಿದಿದೆ. ಕೀವನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿಕೊಳ್ಳುವ ಬದಲು ಸಿರಿಂಜಿನಲ್ಲಿ ಎಳೆದು ಕಲ್ಚರ್‌ಗೆ ಕಳುಹಿಸಿ. ಗಡ್ಡೆ ಹಿಸ್ಟೊಪೆಥಾಲಜಿಗೂ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪರೀಕ್ಷೆ) ಹೋಗಬೇಕು, ಏಕೆಂದರೆ ಸಾರ್ಕೋಮಾ ಇಲ್ಲವೆಂದು ಹೇಳುವುದು ಅದೇ. ಆದರೆ ಅದನ್ನು ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರವ) ಹಾಕುವ ಮೊದಲೇ ಕೀವು ಎಳೆದಿಟ್ಟುಕೊಳ್ಳಬೇಕು. ಫಾರ್ಮಲಿನ್ ಮುಟ್ಟಿದ ಮೇಲೆ ಕಲ್ಚರ್ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ.