ಕಾರ್ಯಕ್ರಮದ ಬಜೆಟ್: ತಲೆಲೆಕ್ಕ, ಮೆಟ್ಟಿಲು ಖರ್ಚು ಮತ್ತು ಒಪ್ಪಿಕೊಂಡ ಹಣ

ಬಜೆಟ್ ಕೈಮೀರಿದ ಕಾರ್ಯಕ್ರಮಗಳ ಲೆಕ್ಕಪತ್ರ ತೆಗೆದು ನೋಡಿದರೆ ಎರಡು ತಪ್ಪುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು, ಕೆಲವು ಖರ್ಚುಗಳನ್ನು ಬರೆಯದೇ ಬಿಟ್ಟಿರುತ್ತಾರೆ. ಇನ್ನೊಂದು, ಜನ ಹೆಚ್ಚುಕಡಿಮೆಯಾದರೆ ಖರ್ಚು ಹೇಗೆ ಬದಲಾಗುತ್ತದೆಂದು ನೋಡಿರುವುದಿಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ, ಅದನ್ನೇ ಮೊದಲು ನೋಡೋಣ.

ಖರ್ಚಿನಲ್ಲಿ ಮೂರು ಬಗೆ. ಸಭಾಂಗಣದ ಬಾಡಿಗೆ, ಧ್ವನಿವರ್ಧಕದಂಥವು ಎಷ್ಟೇ ಜನ ಬಂದರೂ ಅಷ್ಟೇ: ಸ್ಥಿರ ಖರ್ಚು. ಊಟ ತಲೆಗೆ ಇಷ್ಟೆಂದು ಏರುತ್ತದೆ: ತಲಾ ಖರ್ಚು. ವಾಹನ, ಬಡಿಸುವವರು, ಭದ್ರತಾ ಸಿಬ್ಬಂದಿ ಮಾತ್ರ ಒಂದು ಹಂತದವರೆಗೆ ಸುಮ್ಮನಿದ್ದು, ಒಬ್ಬರು ಹೆಚ್ಚಾದೊಡನೆ ಒಮ್ಮೆಲೇ ಜಿಗಿಯುತ್ತವೆ: ಮೆಟ್ಟಿಲು ಖರ್ಚು.

ಒಂದು ಲೆಕ್ಕ ಮಾಡೋಣ; ಹಣ ಯಾವ ದೇಶದ್ದಾದರೂ ಅಂಕಿ ಮುಖ್ಯ. ಸ್ಥಿರ ಖರ್ಚು 60,000, ತಲಾ ಖರ್ಚು 450, 40 ಸೀಟಿನ ಒಂದು ವಾಹನಕ್ಕೆ 8,000. 120 ಜನರಿಗೆ 60,000 + 54,000 + 24,000, ಅಂದರೆ 1,38,000. ತಲೆಗೆ 1,150; ಬರುವವರಿಂದ ಅಷ್ಟನ್ನೇ ವಸೂಲು ಮಾಡುತ್ತೀರಿ ಎನ್ನಿ. ಐದು ಜನ ಹೆಚ್ಚಾಗಿ 125 ಆದರೆ ನಾಲ್ಕನೇ ವಾಹನ ಬೇಕು, ಮೊತ್ತ 1,48,250. ಆ ಐವರಿಂದ ಹೆಚ್ಚಾದದ್ದು 10,250, ಒಬ್ಬೊಬ್ಬರಿಗೆ 2,050! 'ಐದು ಜನ ತಾನೇ' ಎನ್ನುವ ಮಾತು ದುಬಾರಿಯಾಗುವುದು ಇಲ್ಲೇ. ಇನ್ನು 90 ಜನ ಮಾತ್ರ ಬಂದರೂ ಮೂರು ವಾಹನ ಬೇಕೇ ಬೇಕು, ಖರ್ಚು 1,24,500. ತಲಾ 1,150ರಂತೆ ವಸೂಲಾಗುವುದು 1,03,500. 21,000 ಕೊರತೆ. ಅದೂ ಊಟದವರು ತೊಂಬತ್ತಕ್ಕೆ ಮಾತ್ರ ಬಿಲ್ ಮಾಡಿದರೆ. ಎಷ್ಟೋ ಕರಾರುಗಳಲ್ಲಿ ಖಚಿತ ಸಂಖ್ಯೆಯನ್ನು ಕೆಲವು ದಿನ ಮೊದಲೇ ಕೊಡಬೇಕು. ಆಮೇಲೆ ಜನ ಬರದಿದ್ದರೂ ಆ ಸಂಖ್ಯೆಗೆ ಹಣ ಕೊಡಲೇಬೇಕು. ಹಾಗಾಗಿ ಬಜೆಟ್ಟನ್ನು ಕನಿಷ್ಠ ಮೂರು ಸಂಖ್ಯೆಗಳಿಗೆ ಹಾಕಿ ನೋಡಿ: ಕಡಿಮೆ, ನಿರೀಕ್ಷಿತ, ಹೆಚ್ಚು.

ಅಂದಾಜು ಎಲ್ಲಿಂದ ತರಬೇಕು?

ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ 'ಪ್ಲ್ಯಾನಿಂಗ್ ಫ್ಯಾಲಸಿ' ಎಂದು ಹೆಸರಿಟ್ಟ ದೌರ್ಬಲ್ಯ ನಮ್ಮೆಲ್ಲರಲ್ಲೂ ಇದೆ: ಹಿಂದಿನ ಅನುಭವ ಕಣ್ಣೆದುರಿಗಿದ್ದರೂ ಈ ಸಲ ಎಲ್ಲ ಸಲೀಸಾಗಿ ಆಗುತ್ತದೆಂದೇ ಲೆಕ್ಕ ಹಾಕುತ್ತೇವೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಇದಕ್ಕೆ ಮದ್ದು ಹಳೆಯ ಬಿಲ್ಲುಗಳು. ಇಂಥದೇ ಎರಡು ಮೂರು ಕಾರ್ಯಕ್ರಮಗಳ ನಿಜವಾದ ಬಿಲ್ ಕೇಳಿ ಪಡೆಯಿರಿ. ಕೊಟೇಶನ್ನಿಗಿಂತ ಅದನ್ನೇ ಹೆಚ್ಚು ನಂಬಿ. ಬಿಲ್ ಸಿಗದ ಬಾಬ್ತಿಗೆ ಮೂರು ಅಂಕಿ ಹಿಡಿಯಿರಿ: ಎಲ್ಲ ಅನುಕೂಲವಾದರೆ 40, ಬಹುಶಃ 50, ಕೆಟ್ಟರೆ 90. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 55. ಈ ಐದರ ಅಂತರ ಪ್ರತಿ ಸಾಲಿನಲ್ಲೂ ಸೇರುತ್ತಾ ಹೋದರೆ ಒಟ್ಟಿನಲ್ಲಿ ದೊಡ್ಡದಾಗುತ್ತದೆ.

ಬಿಟ್ಟುಹೋಗುವ ಸಾಲುಗಳನ್ನು ಹಿಡಿಯಲು ಹಿಂದಿನ ದಿನ ಬೆಳಗಿನಿಂದ ಮರುದಿನ ಸಂಜೆಯವರೆಗೆ ಗಂಟೆಗಂಟೆಯಾಗಿ ಮನಸ್ಸಿನಲ್ಲೇ ನಡೆದು ಬನ್ನಿ. ಸಾಮಾನು ಯಾರು ಇಳಿಸುತ್ತಾರೆ? ಕೆಲಸಗಾರರ ಊಟ? ಹೆಚ್ಚುವರಿ ಗಂಟೆಯ ಬಾಡಿಗೆ, ಜನರೇಟರಿನ ಇಂಧನ, ಸ್ವಚ್ಛತೆ, ಪರವಾನಗಿ ಶುಲ್ಕ? ಕೊಟೇಶನ್ನಿನಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ.

ಇಷ್ಟಾದ ಮೇಲೆ ತುರ್ತು ಮೀಸಲು. ಹಿಂದೆ ಮಾಡಿದ ಬಗೆಯದೇ ಕಾರ್ಯಕ್ರಮ, ಕೈಯಲ್ಲಿ ಬಿಲ್ಲುಗಳಿವೆ ಎಂದರೆ 10% ಸಾಕೆನಿಸುತ್ತದೆ. ಹೊಸ ಜಾಗ, ಹೊಸ ಜನ ಎಂದರೆ 15ರಿಂದ 20% ಇಡುವುದು ಒಳ್ಳೆಯದು. ಅಲಂಕಾರ ಇನ್ನಷ್ಟು ಚೆನ್ನಾಗಿರಲಿ ಎಂದು ಇದಕ್ಕೆ ಕೈ ಹಾಕಬಾರದು. ಯಾರ ಒಪ್ಪಿಗೆಯಿಂದ ಇದನ್ನು ಮುಟ್ಟಬಹುದು ಎಂದು ಮೊದಲೇ ಗೊತ್ತುಮಾಡಿ.

ಮೂರು ಕಲಂ

ಖಾತೆಯಲ್ಲಿ ಅಂದಾಜು, ಒಪ್ಪಿಕೊಂಡದ್ದು, ಕೊಟ್ಟದ್ದು ಎಂದು ಮೂರು ಕಲಂ ಬೇಕು. ಅಲಂಕಾರಕ್ಕೆ 20,000 ಇಟ್ಟಿದ್ದೀರಿ, 23,000ಕ್ಕೆ ಮಾತಾಯಿತು, ಮುಂಗಡ 5,000 ಕೊಟ್ಟಿರಿ. 'ಕೊಟ್ಟದ್ದು' ನೋಡಿದರೆ 15,000 ಉಳಿದಂತೆ ಕಾಣುತ್ತದೆ. ನಿಜದಲ್ಲಿ ಆಗಲೇ 3,000 ಮೀರಿದೆ. ಉಳಿಕೆ ತಿಳಿಯಲು ಅಂದಾಜಿನಿಂದ ಯಾವಾಗಲೂ ಒಪ್ಪಿಕೊಂಡ ಮೊತ್ತವನ್ನೇ ಕಳೆಯಿರಿ. ವಾಪಸ್ ಬರುವ ಠೇವಣಿ ಖರ್ಚಲ್ಲ, ಆದರೆ ಆ ದಿನ ಕೈಯಲ್ಲಿರಬೇಕಾದ ಹಣ. ಯಾವ ತಾರೀಖಿಗೆ ಎಷ್ಟು ಬೇಕು ಎಂಬ ಪಟ್ಟಿಯನ್ನು ಬೇರೆಯೇ ಇಟ್ಟುಕೊಳ್ಳಿ.

ಹಣ ಸಾಲದೆಂದು ಪ್ರತಿ ಸಾಲಿನಿಂದಲೂ 10% ಕತ್ತರಿಸುವುದು ಕಾಗದದ ಮೇಲಿನ ಉಳಿತಾಯ. ಮಾತಾದ ದರ ಅದರಿಂದ ಇಳಿಯುವುದಿಲ್ಲ. ಒಂದು ಬಾಬ್ತನ್ನೇ ಪೂರ್ತಿ ಕೈಬಿಡಿ, ಇಲ್ಲವೇ ಜನರ ಸಂಖ್ಯೆಯನ್ನು ಮೆಟ್ಟಿಲಿನ ಕೆಳಗೆ ತನ್ನಿ. ಮೇಲಿನ ಲೆಕ್ಕದಲ್ಲಿ 125ರ ಬದಲು 120.

ಮುಗಿದ ಒಂದು ವಾರದೊಳಗೆ ಅಂದಾಜಿನ ಪಕ್ಕ ನಿಜದ ಅಂಕಿ ಬರೆದು, ವ್ಯತ್ಯಾಸವನ್ನು ಬಿಡಿಸಿ. ಊಟಕ್ಕೆ 120 × 450 = 54,000 ಹಿಡಿದಿದ್ದು, ಆದದ್ದು 130 × 480 = 62,400 ಎನ್ನಿ. ಹೆಚ್ಚಾದ 8,400ರಲ್ಲಿ ಹತ್ತು ಜನ ಹೆಚ್ಚಾದ ಪಾಲು 4,500, ದರ ಏರಿದ ಪಾಲು 3,900. ಮೊದಲನೆಯದಕ್ಕೆ ಆಹ್ವಾನದ ಪಟ್ಟಿ ಸರಿಯಾಗಬೇಕು, ಎರಡನೆಯದಕ್ಕೆ ದರವನ್ನು ಬೇಗ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು.