ಗಾಳಿಯಂತ್ರದ ಕಾಯಿಲೆ ಕರೆಂಟಿನಲ್ಲೇ ಕಾಣುತ್ತದೆ

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋದಾಗೆಲ್ಲ ನಮ್ಮ ಶಿವಮೊಗ್ಗದವರು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಈ ಗಾಳಿಯಂತ್ರಗಳು ಮೋಡ ಓಡಿಸ್ತವೆ, ಅದಕ್ಕೇ ಮಳೆ ಇಲ್ಲ." ಸುಮ್ನೆ ಮಾತು. ಅರಬ್ಬಿ ಸಮುದ್ರದಿಂದ ನೂರಾರು ಕಿಲೋಮೀಟರ್ ಅಗಲಕ್ಕೆ ನುಗ್ಗುವ ಮುಂಗಾರನ್ನು ಗುಡ್ಡದ ಮೇಲಿನ ರೆಕ್ಕೆಗಳು ತಡೆದಾವೇ? ಬೆರಗಾಗಬೇಕಾದ ಸಂಗತಿ ಬೇರೆಯೇ ಇದೆ. ಆ ಜನರೇಟರಿನ ಬೇರಿಂಗ್ ಸವೆದರೆ, ಗೋಪುರ ಹತ್ತದೆ, ಅದು ಕಳಿಸುವ ಕರೆಂಟ್ ನೋಡಿಯೇ ಹೇಳಬಹುದು.

ತೋಟದ ಪಂಪ್‌ಸೆಟ್ ಗೊರಗೊರ ಎಂದರೆ ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಮೋಟಾರಿಗೆ ಊರಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಾನೆ. ಎತ್ತರದ ಗೋಪುರದಲ್ಲಿ ದಿನಾ ಅದು ಆಗದ ಕೆಲಸ. ಆದರೆ ಜನರೇಟರಿನಲ್ಲಿ ಸುತ್ತುವ ಭಾಗವಾದ ರೋಟರಿಗೂ ಅದರ ಸುತ್ತ ಅಲುಗದೆ ನಿಂತ ಸ್ಟೇಟರಿಗೂ ನಡುವೆ ಇರುವ ಸಂದು ಬಹಳ ಕಿರಿದು. ಬೇರಿಂಗಿನ ಹೊರಬಳೆಯಲ್ಲಿ ಗುಳಿ ಬಿದ್ದರೆ, ಒಂದೊಂದು ಗುಂಡು ಅದನ್ನು ದಾಟುವಾಗಲೂ ರೋಟರ್ ಚೂರು ಅಲುಗುತ್ತದೆ. ಸಂದು ಬದಲಾಗುತ್ತದೆ, ಕಾಂತಕ್ಷೇತ್ರ ಬದಲಾಗುತ್ತದೆ, ಕರೆಂಟೂ ಬದಲಾಗುತ್ತದೆ.

ಲೆಕ್ಕ ಹಾಕೋಣ. ಜನರೇಟರ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25. ಬೇರಿಂಗಿನಲ್ಲಿ 9 ಗುಂಡು. ರೋಟರ್ ಒಂದು ಸುತ್ತು ಹೋದರೆ ಗುಂಡುಗಳ ಸಾಲು ಸುಮಾರು 0.4 ಸುತ್ತಷ್ಟೇ ಹೋಗುತ್ತದೆ; ಹಾಗಾಗಿ ಹೊರಬಳೆಯ ಗುಳಿಗೆ ಸೆಕೆಂಡಿಗೆ ಸುಮಾರು 0.4×9×25, ಅಂದರೆ 90 ಪೆಟ್ಟು. ಕರೆಂಟನ್ನು ಅದರೊಳಗಿನ ಬೇರೆಬೇರೆ ವೇಗದ ಏರಿಳಿತಗಳಾಗಿ ಬಿಡಿಸಿ ನಕ್ಷೆ ಬರೆದರೆ, ಗ್ರಿಡ್ಡಿನ 50 ಹರ್ಟ್ಸ್ (ಸೆಕೆಂಡಿಗೆ 50 ಏರಿಳಿತ) ಜೊತೆ ಇದು ಬೆರೆತು, ವ್ಯತ್ಯಾಸವಾದ 40 ಮತ್ತು ಮೊತ್ತವಾದ 140 ಹರ್ಟ್ಸ್‌ನಲ್ಲಿ ಪುಟ್ಟ ಗೆರೆಗಳಾಗಿ ಕಾಣುತ್ತದೆ. ಹೀಗೆ ಬಿಡಿಸಿ ನೋಡುವ ಗಣಿತ ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ್ದು. ಆತನ ತಲೆಯಲ್ಲಿದ್ದದ್ದು ವಿದ್ಯುತ್ತಲ್ಲ, ಲೋಹದಲ್ಲಿ ಶಾಖ ಹರಿಯುವ ರೀತಿ! ನೆಪೋಲಿಯನ್ ಜೊತೆ ಈಜಿಪ್ಟಿಗೂ ಹೋಗಿ ಬಂದಿದ್ದ ಪುಣ್ಯಾತ್ಮ.

ಶರಾವತಿಯ ಜನರೇಟರುಗಳಾದರೆ ಇಷ್ಟೇ ಸಾಕಿತ್ತು. ಅಲ್ಲಿ ನೀರಿನ ಬಾಗಿಲು ಸರಿಹೊಂದಿಸಿ ವೇಗವನ್ನು ಒಂದೇ ಸಮ ಇಡುತ್ತಾರೆ. ಗಾಳಿಗೆ ಬಾಗಿಲು ಎಲ್ಲಿ? ವೇಗ 1800ಕ್ಕೆ ಏರಿದರೆ ಪೆಟ್ಟು 108 ಆಗುತ್ತದೆ, ಗೆರೆಗಳು 58 ಮತ್ತು 158ಕ್ಕೆ ಜಾರುತ್ತವೆ. ಕೆಲವು ನಿಮಿಷದ ದಾಖಲೆಯಲ್ಲಿ ಎಲ್ಲ ಕಲಸಿಹೋಗಿ ಏನೂ ಕಾಣದು. ಇಲ್ಲಿದೆ ನನಗೆ ಬಹಳ ಇಷ್ಟವಾದ ಉಪಾಯ: ಗಡಿಯಾರ ಬಿಟ್ಟು ಸುತ್ತು ಎಣಿಸುವುದು. ಯಕ್ಷಗಾನದಲ್ಲಿ ಚೆಂಡೆ ಎಷ್ಟೇ ಚುರುಕಾದರೂ ತಾಳದ ಪೆಟ್ಟುಗಳ ಲೆಕ್ಕ ತಪ್ಪುವುದಿಲ್ಲ, ಅಲ್ವಾ? ಹಾಗೆಯೇ, ಅಲುಗಾಟವನ್ನು ಸೆಕೆಂಡಿನ ಬದಲು ಸುತ್ತಿನ ಲೆಕ್ಕಕ್ಕೆ ತಂದರೆ ವೇಗ ಎಷ್ಟಾದರೂ ಸುತ್ತಿಗೆ 0.4×9, ಅಂದರೆ 3.6 ಪೆಟ್ಟೇ. ಕಲಸಿದ ಗೆರೆ ಮತ್ತೆ ಚೂಪಾಗುತ್ತದೆ.

ಕರೆಂಟ್ ಅಳೆಯುವ ಸೆನ್ಸರುಗಳು ನಿಯಂತ್ರಣಕ್ಕೆಂದು ಯಂತ್ರದಲ್ಲಿ ಮೊದಲೇ ಇರುತ್ತವೆ. ಹೊಸದಾಗಿ ಬೇಕಾಗುವುದು ವೇಗವಾಗಿ ದಾಖಲಿಸುವ ಸಲಕರಣೆ, ಲೆಕ್ಕ ಹಾಕುವ ತಂತ್ರಾಂಶ. ಆದರೆ ಆರೋಗ್ಯವಂತ ಜನರೇಟರಿನ ಕರೆಂಟಿನಲ್ಲೂ ಬೇಡದ ಗೆರೆಗಳು ಜಾಸ್ತಿಯೇ ಇರುತ್ತವೆ. ಹಾಗಾಗಿ ಯಂತ್ರ ಹೊಸದಿದ್ದಾಗಲೇ ಒಂದು ದಾಖಲೆ ತೆಗೆದಿಟ್ಟುಕೊಂಡು, ಮುಂದಿನವನ್ನು ಅದಕ್ಕೆ ಹೋಲಿಸುತ್ತಾರೆ.