ಮೂರು ಹೆಂಚು, ಒಂದು ಹೆಸರು: ಫಿಲೋಮಿನಾ ನಡೆದುಬಂದ ದಾರಿ

ಮೈಸೂರಿನ ಗೆಳತಿಯೊಬ್ಬರು ಕಳೆದ ವರ್ಷ ಫೋನ್ ಮಾಡಿದ್ದರು. ಮಗನಿಗೆ ಹೆಣ್ಣುಮಗು ಹುಟ್ಟಿತ್ತು. "ನಮ್ಮಮ್ಮನ ಹೆಸರೇ ಇಡೋಣ ಅಂತ ಆಸೆ. ಆದ್ರೆ ಸೊಸೆ ಎಲ್ಲೋ ಓದಿದಾಳಂತೆ, ಫಿಲೋಮಿನಾ ಅನ್ನೋ ಸಂತರೇ ಇರ್ಲಿಲ್ವಂತೆ, ಅರವತ್ತೊಂದರಲ್ಲಿ ರೋಮಿನವರೇ ತೆಗೆದುಬಿಟ್ರಂತೆ. ಇಡಬಹುದಾ?"

ಇಡಬಹುದು ಅಂದೆ. ಅಷ್ಟಕ್ಕೆ ಸುಮ್ಮನಾಗಲು ಮನಸ್ಸು ಬರಲಿಲ್ಲ. ನಮ್ಮ ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅಜ್ಜಿಗೋ ದೊಡ್ಡಮ್ಮನಿಗೋ ಇರುವ ಈ ಹೆಸರಿನ ಹಿಂದೆ ಏನೇನಿದೆ ಎಂದು ಹುಡುಕುತ್ತಾ ಹೋದೆ.

ಮೊದಲು ಪದ. ಗ್ರೀಕ್ ಭಾಷೆಯಲ್ಲಿ 'ಫಿಲೆಯ್ನ್' ಅಂದರೆ ಪ್ರೀತಿಸು. ಅದರಿಂದ ಬಂದದ್ದು 'ಫಿಲೂಮೆನೆ', ಅಂದರೆ ಒಲವಿಗೆ ಪಾತ್ರಳಾದವಳು, ಅಕ್ಕರೆಯವಳು. ಇದರ ಬಾಲದಲ್ಲಿರುವ 'ಮೆನೆ' ಕನ್ನಡಿಗರಿಗೆ ಹೊಸದೇನಲ್ಲ. ವರ್ತಮಾನ, ವಿದ್ಯಮಾನ, ಯಜಮಾನ ಎನ್ನುವಾಗ ಕೊನೆಗೆ ಬರುವ 'ಮಾನ' ಇದೆಯಲ್ಲ, ಸಂಸ್ಕೃತದ ಆ ಪ್ರತ್ಯಯವೂ ಗ್ರೀಕಿನ 'ಮೆನೊಸ್, ಮೆನೆ'ಯೂ ಒಂದೇ ಬೇರಿನವು. ಗೀತೆಯ ಹತ್ತನೆಯ ಅಧ್ಯಾಯದ ಮೊದಲ ಶ್ಲೋಕದಲ್ಲಿ ಕೃಷ್ಣ ಅರ್ಜುನನಿಗೆ 'ಪ್ರೀಯಮಾಣಾಯ' ಎನ್ನುತ್ತಾನೆ. ಆ ಪ್ರೀಯಮಾಣದ ಸ್ತ್ರೀಲಿಂಗವನ್ನೂ ಫಿಲೂಮೆನೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ: ಧಾತು ಬೇರೆ, ಎರಕದ ಅಚ್ಚು ಒಂದೇ. ಅಜ್ಜಿಯ ಪರದೇಶಿ ಹೆಸರಿನೊಳಗೆ ನಮ್ಮ ಯಜಮಾನನ ನೆಂಟಸ್ತಿಕೆ ಸಿಕ್ಕಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಪ್ರಾಚೀನ ಕಾಲದಲ್ಲಿ ಇದು ಅಪರೂಪಕ್ಕೆ ಕಾಣುವ ಹೆಸರು. ಎರಡನೇ ಶತಮಾನದ ರೋಮಿನಲ್ಲಿ ಫಿಲೂಮೆನೆ ಎಂಬ ದರ್ಶನ ನುಡಿಯುವ ಹೆಂಗಸಿದ್ದಳು. ಚರ್ಚಿನ ಲೇಖಕ ತೆರ್ತುಲಿಯನ್ ಆಕೆಯನ್ನು ಕಟುವಾಗಿ ಟೀಕಿಸಿದ್ದಾನೆ. ಮಧ್ಯಯುಗಕ್ಕೆ ಬರುವಾಗ ಒಂದು ಗೋಜಲು ಸೇರಿಕೊಂಡಿತು. ಗ್ರೀಕ್ ಪುರಾಣದಲ್ಲಿ ಫಿಲೊಮೆಲಾ ಎಂಬ ರಾಜಕುಮಾರಿಯ ಕಥೆಯಿದೆ. ಅಕ್ಕನ ಗಂಡ ಅವಳನ್ನು ಕೆಡಿಸಿ, ಯಾರಿಗೂ ಹೇಳದಂತೆ ನಾಲಿಗೆ ಕತ್ತರಿಸುತ್ತಾನೆ. ಅವಳು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ವಿಷಯ ಮುಟ್ಟಿಸುತ್ತಾಳೆ. ರೋಮಿನ ಕವಿಗಳ ಮಾತಿನಂತೆ ಕೊನೆಗೆ ನೈಟಿಂಗೇಲ್ ಹಕ್ಕಿಯಾಗುತ್ತಾಳೆ. ಯುರೋಪಿನ ಲಿಪಿಕಾರರು ಈ ಫಿಲೊಮೆಲಾಳನ್ನು ಎಷ್ಟೋ ಕಡೆ 'ಫಿಲೊಮೆನಾ' ಎಂದೇ ಬರೆದರು. ಹೀಗೆ ಅಕ್ಕರೆಯವಳು, ಹಾಡುವ ಹಕ್ಕಿ ಎರಡೂ ಒಂದೇ ಹೆಸರಿನಲ್ಲಿ ಸೇರಿಹೋದವು. 14ನೇ ಶತಮಾನದ ಇಟಲಿಯಲ್ಲಿ ಬೊಕಾಚೊ ಬರೆದ 'ಡೆಕಮೆರಾನ್'ನಲ್ಲಿ ಕಥೆ ಹೇಳುವ ಏಳು ಹೆಂಗಸರಲ್ಲಿ ಒಬ್ಬಳು ಫಿಲೊಮೆನಾ. ಆದರೂ ತಾಯಂದಿರು ಸಾಲುಸಾಲಾಗಿ ಮಕ್ಕಳಿಗೆ ಇಡುವ ಹೆಸರು ಆಗಿನ್ನೂ ಅದಾಗಿರಲಿಲ್ಲ.

ಅದಾಗಿದ್ದು ಮೂರು ಹೆಂಚುಗಳಿಂದ. 1802ರ ಮೇ 25ರಂದು ರೋಮಿನ ಸಲಾರಿಯಾ ರಸ್ತೆಯ ಪ್ರಿಸಿಲ್ಲಾ ಸಮಾಧಿ ಸುರಂಗಗಳಲ್ಲಿ ಒಂದು ಗೂಡನ್ನು ತೆರೆದರು. ಒಳಗೆ ಹದಿಮೂರು ಹದಿನಾಲ್ಕರ ಆಸುಪಾಸಿನ ಹುಡುಗಿಯೊಬ್ಬಳ ಮೂಳೆ, ಪಕ್ಕದಲ್ಲಿ ಒಂದು ಗಾಜಿನ ಕುಡಿಕೆ. ಗೂಡಿನ ಬಾಯಿ ಮುಚ್ಚಿದ್ದ ಸುಟ್ಟ ಮಣ್ಣಿನ ಮೂರು ಹೆಂಚುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಲುಮೆನಾ – ಪಾಕ್ಸ್ ತೆ – ಕುಮ್ ಫಿ'. ಹಾಗೆಯೇ ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಎತ್ತಿ ಕೊನೆಗಿಟ್ಟರೆ 'ಪಾಕ್ಸ್ ತೆಕುಮ್ ಫಿಲುಮೆನಾ' ಆಗುತ್ತದೆ: ನಿನಗೆ ಶಾಂತಿ ಇರಲಿ, ಫಿಲುಮೆನಾ. ಅಕ್ಷರಗಳ ನಡುವೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳಿದ್ದವು. ಗರಿ ಬಲಿದಾನದ ಗುರುತು, ಕುಡಿಕೆಯಲ್ಲಿದ್ದದ್ದು ಅವಳದೇ ರಕ್ತ ಎಂದುಕೊಂಡು, ಇವಳು ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಯೇ ಎಂದು ಕಂಡವರು ತೀರ್ಮಾನಿಸಿದರು. ಇಷ್ಟು ಬಿಟ್ಟರೆ ಅವಳ ಬಗ್ಗೆ ಒಂದು ಸಾಲಿನ ದಾಖಲೆಯೂ ಇಲ್ಲ.

1805ರಲ್ಲಿ ನೇಪಲ್ಸ್ ಹತ್ತಿರದ ಮುನ್ಯಾನೊ ಎಂಬ ಊರಿನ ಪಾದ್ರಿ ಫ್ರಾನ್ಸೆಸ್ಕೊ ದೆ ಲೂಚಿಯಾ ಆ ಮೂಳೆಗಳನ್ನು ಬೇಡಿ ಪಡೆದು ತಮ್ಮ ಚರ್ಚಿಗೆ ತಂದರು. ಪವಾಡಗಳ ಸುದ್ದಿ ಹರಡಿತು. 1833ರಲ್ಲಿ ನೇಪಲ್ಸಿನ ಸನ್ಯಾಸಿನಿ ಮರಿಯಾ ಲೂಯಿಸಾ ತನಗೆ ಸಂತಳೇ ತನ್ನ ಕಥೆ ಹೇಳಿದಳೆಂದು ತಿಳಿಸಿದರು. ಅದರ ಪ್ರಕಾರ ಫಿಲೊಮೆನಾ ಗ್ರೀಸಿನ ಚಿಕ್ಕ ರಾಜ್ಯವೊಂದರ ಅರಸನ ಮಗಳು. ಹದಿಮೂರನೇ ವಯಸ್ಸಿನಲ್ಲಿ ತಂದೆಯೊಂದಿಗೆ ರೋಮಿಗೆ ಬಂದಾಗ ಚಕ್ರವರ್ತಿ ಡಯೋಕ್ಲೀಷಿಯನ್ ಮದುವೆಯಾಗು ಎಂದ. ಅವಳು ಒಪ್ಪಲಿಲ್ಲ. ಲಂಗರು ಕಟ್ಟಿ ನದಿಗೆಸೆದರು, ಬಾಣ ಬಿಟ್ಟರು, ಕೊನೆಗೆ ತಲೆ ಕಡಿದರು. ಹೆಂಚಿನ ಮೇಲಿನ ಒಂದೊಂದು ಚಿತ್ರಕ್ಕೂ ಕಥೆಯಲ್ಲಿ ಒಂದೊಂದು ಘಟನೆ ಇರುವುದನ್ನು ಗಮನಿಸಿ. ಆದಿ ಕ್ರೈಸ್ತರ ಗೋರಿಗಳಲ್ಲಿ ಲಂಗರು ಭರವಸೆಯ ಗುರುತು, ಎಷ್ಟೋ ಕಡೆ ಕಾಣಸಿಗುತ್ತದೆ. ಹೆಸರಿಗೂ ಇದೇ ಹೊತ್ತಿನಲ್ಲಿ ಹೊಸ ಅರ್ಥ ಅಂಟಿತು. ಲ್ಯಾಟಿನ್ನಿನ 'ಫಿಲಿಯಾ ಲೂಮಿನಿಸ್', ಅಂದರೆ ಬೆಳಕಿನ ಮಗಳು ಎಂದು ಬಿಡಿಸಿದರು. ಕೇಳಲು ಚೆಂದ, ವ್ಯುತ್ಪತ್ತಿಯಾಗಿ ನಿಲ್ಲದು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಈ ಅರ್ಥ ಕಂಡರೆ ನಂಬಬೇಡಿ. ಅಕ್ಕರೆಯವಳು ಎಂಬ ಗ್ರೀಕ್ ಅರ್ಥವೇ ಸರಿ, ನನಗಂತೂ ಅದೇ ಹೆಚ್ಚು ಇಷ್ಟ.

ಹೆಸರು ಇಟಲಿ ದಾಟಿದ್ದು ಫ್ರಾನ್ಸಿನ ಇಬ್ಬರಿಂದ. ಲಿಯೋನ್ ನಗರದ ಪೊಲಿನ್ ಜಾರಿಕೊ ಮಿಷನ್ ಕೆಲಸಕ್ಕೆ ಚಿಲ್ಲರೆ ಕಾಸು ಕೂಡಿಸುವ ಸಂಘವನ್ನು 1822ರಲ್ಲಿ ಹುಟ್ಟುಹಾಕಿದವರು. ಸಾಯುವ ಸ್ಥಿತಿಯಲ್ಲಿದ್ದ ಅವರು 1835ರ ಆಗಸ್ಟಿನಲ್ಲಿ ಮುನ್ಯಾನೊಗೆ ಹೋಗಿ, ಗುಣವಾಗಿ ಮರಳಿದರು. 1837ರಲ್ಲಿ ಪೋಪ್ 16ನೇ ಗ್ರೆಗರಿ ಸಂತಳ ಹಬ್ಬಕ್ಕೆ ಅಪ್ಪಣೆ ಕೊಟ್ಟರು. ಇನ್ನೊಬ್ಬರು ಆರ್ಸ್ ಹಳ್ಳಿಯ ಗುರು ಜಾನ್ ಮೇರಿ ವಿಯಾನಿ. ತಮ್ಮಿಂದ ಆಯಿತೆಂದು ಜನ ಹೇಳಿದ ಪವಾಡಗಳನ್ನೆಲ್ಲ ಅವರು ಫಿಲೊಮೆನಾಳ ಲೆಕ್ಕಕ್ಕೆ ಬರೆಯುತ್ತಿದ್ದರು. ಇಟಲಿಯ ದಕ್ಷಿಣದಲ್ಲಿ, ಐರ್ಲೆಂಡಿನಲ್ಲಿ, ಪೋರ್ಚುಗಲ್ ಮತ್ತು ಬ್ರೆಜಿಲ್‌ಗಳಲ್ಲಿ, ವಲಸೆ ಹೋದವರ ಜೊತೆ ಅಮೆರಿಕದಲ್ಲಿ ಹೆಣ್ಣುಮಕ್ಕಳು ಫಿಲೊಮೆನಾಗಳಾದರು. ಹಳೆಯ ಹಕ್ಕಿಯೂ ಪೂರ್ತಿ ಹಾರಿಹೋಗಿರಲಿಲ್ಲ. ಅಮೆರಿಕದ ಕವಿ ಲಾಂಗ್‌ಫೆಲೊ 1857ರಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಪದ್ಯ ಬರೆದಾಗ ಅದಕ್ಕೆ 'ಸಾಂತಾ ಫಿಲೊಮೆನಾ' ಎಂದು ಹೆಸರಿಟ್ಟರು.

ಮೈಸೂರು ಸೀಮೆಗೆ ಹೆಸರು ಬಂದ ದಾರಿಯೂ ಫ್ರಾನ್ಸಿನ ಕಡೆಯದೇ ಎಂದು ನನ್ನ ಊಹೆ. ಇಲ್ಲಿನ ಮಿಷನ್ ನಡೆಸುತ್ತಿದ್ದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು, ಜಾರಿಕೊ ಮತ್ತು ವಿಯಾನಿಯವರ ಭಕ್ತಿಯ ಗಾಳಿಯಲ್ಲೇ ಬೆಳೆದವರು. ಮೈಸೂರಿನ ಈಗಿನ ಫಿಲೋಮಿನಾ ಚರ್ಚಿಗಿಂತ ಮೊದಲೇ ಹೆಸರು ಇಲ್ಲಿತ್ತು: ಪ್ಯಾರಿಸ್ಸಿಗೆ ಹೋಗಿ ಪಿಟೀಲು ಕಲಿತ ಫಿಲೋಮಿನಾ ತಂಬೂಚೆಟ್ಟಿ ಮೈಸೂರಿನ ಹೆಸರಾಂತ ಕ್ರೈಸ್ತ ಮನೆತನದ ಹೆಣ್ಣುಮಗಳು. ಅದೇ ಮನೆತನದ, ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತಳ ಪವಿತ್ರ ಅವಶೇಷವೊಂದನ್ನು ಪಡೆದು ಫಾದರ್ ಕೊಶೆಯವರ ಕೈಗಿತ್ತರು. 1843ರಿಂದ ಮೈಸೂರಿನಲ್ಲಿದ್ದ ಹಳೆಯ ಚರ್ಚಿನ ಜಾಗದಲ್ಲಿ ದೊಡ್ಡದನ್ನು ಕಟ್ಟುವ ಯೋಚನೆ ಬೆಳೆಯಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. 175 ಅಡಿಯ ಜೋಡಿ ಗೋಪುರ ಎದ್ದಿತು. ಚರ್ಚಿನ ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ, ಊರಿನ ಬಾಯಲ್ಲಿ ಮಾತ್ರ ಅದು ಫಿಲೋಮಿನಾ ಚರ್ಚು. ಒಳಗೆ ನೆಲಮಾಳಿಗೆಗೆ ಇಳಿದರೆ ಮಲಗಿದ ಹುಡುಗಿಯ ಪ್ರತಿಮೆ. ಯಾವ ಧರ್ಮದವರಾದರೂ ಅಲ್ಲಿ ದನಿ ತಗ್ಗಿಸಿ ನಡೆಯುವುದನ್ನು ನೋಡಿದ್ದೇನೆ. 1946ರಲ್ಲಿ ಮೈಸೂರಿನಲ್ಲಿ, 1958ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಹೆಸರಿನ ಕಾಲೇಜುಗಳು ಶುರುವಾದವು.

ಈಗ ಸೊಸೆಯ ಪ್ರಶ್ನೆಗೆ ಬರೋಣ. 20ನೇ ಶತಮಾನದ ಆರಂಭದಲ್ಲೇ ಪುರಾತತ್ತ್ವಜ್ಞ ಒರಾಜಿಯೊ ಮರೂಕಿ ಒಂದು ಗಂಭೀರ ಸಂಶಯ ಮುಂದಿಟ್ಟಿದ್ದರು. ಹೆಂಚುಗಳು ಹಿಂದಿನ ಕಾಲದ ಇನ್ಯಾವುದೋ ಗೋರಿಯವು, ಆಮೇಲೆ ಬೇರೆ ಹುಡುಗಿಯ ಸಮಾಧಿಗೆ ಮರುಬಳಕೆಯಾಗಿವೆ. ಆ ಬರಹ ಈ ದೇಹದ್ದಲ್ಲ ಎಂದು ತಿಳಿಯಲಿ ಎಂದೇ ಬೇಕಂತಲೇ ಅದಲುಬದಲು ಜೋಡಿಸಿದ್ದಾರೆ ಎಂಬ ವಾದ ಅದು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ವಾದ ಸರಿಯಾದರೆ ಫಿಲುಮೆನಾ ಎಂಬವಳು ಒಬ್ಬಳು, ಮೂಳೆ ಸಿಕ್ಕ ಹುಡುಗಿ ಇನ್ನೊಬ್ಬಳು. 1961ರ ಫೆಬ್ರವರಿ 14ರಂದು ರೋಮಿನ ಪೂಜಾವಿಧಿಗಳ ಇಲಾಖೆ ಆಗಸ್ಟ್ 11ರ ಅವಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಲು ಹೇಳಿತು. ತೆಗೆದದ್ದು ಹಬ್ಬವನ್ನು. ಭಕ್ತಿ ಬೇಡ ಎಂದಾಗಲಿ, ಮಕ್ಕಳಿಗೆ ಆ ಹೆಸರಿಡಬಾರದು ಎಂದಾಗಲಿ ಅದು ಹೇಳಲಿಲ್ಲ. ಆದರೂ ಪೆಟ್ಟು ಬಿದ್ದಿತು. ಐರ್ಲೆಂಡಿನಲ್ಲಿ ಒಂದು ತಲೆಮಾರಿನ ಮನೆಮನೆಯ ಹೆಸರಾಗಿದ್ದದ್ದು ಮುಂದೆ ಅಜ್ಜಿಯರ ಹೆಸರಾಯಿತು. ನಮ್ಮಲ್ಲೂ ಎಳೆಯ ಮಕ್ಕಳಲ್ಲಿ ಈ ಹೆಸರು ಕೇಳುವುದು ಕಡಿಮೆ. ಮುನ್ಯಾನೊದಲ್ಲಿ ಹಬ್ಬವೇನೂ ನಿಂತಿಲ್ಲ, ಮೈಸೂರಿನ ಚರ್ಚು ಹೆಸರು ಬದಲಿಸಿಲ್ಲ.

ಇಷ್ಟನ್ನೂ ಗೆಳತಿಗೆ ಎರಡು ಕಂತಿನಲ್ಲಿ ಫೋನಿನಲ್ಲೇ ಹೇಳಿದೆ. ಸೊಸೆಯೂ ಸ್ಪೀಕರಿನಲ್ಲಿ ಕೇಳಿಸಿಕೊಂಡರು. ಯಜಮಾನನ 'ಮಾನ'ದ ಮಾತು ಬಂದಾಗ ಇನ್ನೊಮ್ಮೆ ಹೇಳಿ ಅಂದರು. ದೀಕ್ಷಾಸ್ನಾನದ ದಿನ ರಿಜಿಸ್ಟರಿನಲ್ಲಿ ಫಿಲೋಮಿನಾ ಎಂದೇ ಬರೆಸಿದ್ದಾರೆ. ಮನೆಯಲ್ಲಿ ಕರೆಯುವುದು ಮೀನಾ ಅಂತ.